ತೋಟದ ಮಂಟಪವೂ ಗೃಹಸ್ಥನ ಅಹಿಂಸೆಯೂ

ಗೃಹಸ್ಥನ ಬದುಕು ಆರಂಭವಿಲ್ಲದೆ ಸಾಗದು. ಒಲೆ ಹಚ್ಚಬೇಕು, ನೀರು ಸೇದಬೇಕು, ಸೂರು ಕಟ್ಟಬೇಕು, ವ್ಯಾಪಾರ ನಡೆಸಬೇಕು. ಇದನ್ನು ಬಲ್ಲ ನಮ್ಮ ಆಚಾರ್ಯರು ಶ್ರಾವಕನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿ, ಆರಂಭೀ, ಉದ್ಯೋಗೀ ಮತ್ತು ವಿರೋಧೀ ಹಿಂಸೆಗಳ ವಿಷಯದಲ್ಲಿ ಯತ್ನಾಚಾರವನ್ನು ಬೋಧಿಸಿದರು. ಆದರೆ ‘ಆರಂಭೀ ಹಿಂಸೆ ನಮಗೆ ಅನಿವಾರ್ಯ’ ಎಂಬ ಮಾತನ್ನು ನಾವು ಬಹು ಸಲೀಸಾಗಿ ಆಡಿಬಿಡುತ್ತೇವೆ. ಅದರಲ್ಲಿ ನಿಜವಾಗಿ ಅನಿವಾರ್ಯವಾದುದೆಷ್ಟು, ನಮ್ಮ ಅವಸರದಿಂದಲೂ ಉದಾಸೀನದಿಂದಲೂ ಸೇರಿಕೊಂಡುದೆಷ್ಟು ಎಂದು ಬೇರ್ಪಡಿಸಿ ನೋಡುವವರು ವಿರಳ. ಮರದ ದಿಮ್ಮಿಗಳಿಂದ ಒಂದು ಸಣ್ಣ ಮಂಟಪವನ್ನು ಕಟ್ಟಿಸುವಾಗ ಹಾಗೆ ಬೇರ್ಪಡಿಸಿ ನೋಡುವ ಸಂದರ್ಭ ನನಗೆ ಒದಗಿತು.

ನಮ್ಮ ವಾಸ ನಾಗಸಂದ್ರದಲ್ಲಿ. ಪೀಣ್ಯದ ಕಾರ್ಖಾನೆಗಳಿಗೆ ಸಮೀಪದ ಈ ಊರಿಗೆ 2015ರ ಮೇ ತಿಂಗಳಲ್ಲಿ ಮೆಟ್ರೋ ಬಂದಿತು. 2024ರ ನವೆಂಬರಿನಲ್ಲಿ ಅದೇ ಮಾರ್ಗ ಮಾದಾವರದವರೆಗೆ ಮುಂದುವರಿಯಿತು. ನಗರವು ಹೀಗೆ ತುಮಕೂರು ರಸ್ತೆಯನ್ನು ಹಿಡಿದು ಬೆಳೆಯುತ್ತಿರಲು, ನೆಲಮಂಗಲದ ಆಚೆ ನಮ್ಮ ಕುಟುಂಬಕ್ಕಿರುವ ಎರಡು ಎಕರೆ ಜಮೀನಿನಲ್ಲಿ ಕುಳಿತುಕೊಳ್ಳಲು ಒಂದು ನೆರಳಿನ ತಾಣ ಬೇಕೆಂದು ಮಕ್ಕಳು ಬಯಸಿದರು. ಹನ್ನೆರಡು ಅಡಿ ಚೌಕ, ಎಂಟು ಕಂಬ, ಮೇಲೆ ಹೆಂಚು. ಮರವನ್ನು ಹಲಗೆಯಾಗಿ ಸೀಳದೆ, ತೊಗಟೆ ತೆಗೆದ ದುಂಡು ದಿಮ್ಮಿಗಳನ್ನೇ ನಿಲ್ಲಿಸುವುದು ಅವರ ಯೋಜನೆ.

ಮೊದಲು ಎದುರಾದ ಪ್ರಶ್ನೆ ಪ್ರಯೋಜನದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಕಾರಣವಿಲ್ಲದೆ ನೆಲ ಅಗೆಯುವುದನ್ನೂ ಗಿಡಮರ ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕೇವಲ ಅಂದಕ್ಕಾಗಿ ಮಂಟಪವಾದರೆ ಅದು ಅಲ್ಲಿಗೇ ಸೇರುತ್ತದೆ. ನಮ್ಮ ಜಮೀನಿನಲ್ಲಿ ಹಿಂದಿನವರು ಬೆಳೆಸಿದ ನೀಲಗಿರಿಯ ಹೊರತು ದೊಡ್ಡ ಮರವಿಲ್ಲ. ನೀಲಗಿರಿಯ ನೆರಳು ನೆರಳಲ್ಲ. ಕೂಲಿಯವರು ಬಿಸಿಲಿನಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಅವರ ಮಧ್ಯಾಹ್ನದ ಊಟಕ್ಕೆ, ಭಾನುವಾರಗಳಂದು ನಮ್ಮ ಸ್ವಾಧ್ಯಾಯಕ್ಕೆ ಎಂದು ಉಪಯೋಗವನ್ನು ಮೊದಲೇ ಗೊತ್ತುಮಾಡಿಕೊಂಡೆವು. ಉಪಯೋಗ ಗೊತ್ತಾದರೆ ಅಳತೆ ತಾನಾಗಿಯೇ ಹತೋಟಿಗೆ ಬರುತ್ತದೆ.

ಎರಡನೆಯದು ಲೆಕ್ಕದ ಮಾತು. ವ್ಯಾಪಾರಿಯಾದ ನನಗೆ ಹಿಡಿಸುವಂಥದು. ತತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳಿವೆ. ಸಂರಂಭವೆಂದರೆ ಮನಸ್ಸು ಮಾಡುವುದು, ಸಮಾರಂಭವೆಂದರೆ ಸಾಧನಗಳನ್ನು ಕೂಡಿಸುವುದು, ಆರಂಭವೆಂದರೆ ಕೈಹಚ್ಚುವುದು. ಈ ಮೂರನ್ನು ಮನ, ವಚನ, ಕಾಯಗಳಿಂದಲೂ ಕೃತ, ಕಾರಿತ, ಅನುಮೋದನೆಗಳಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳನ್ನು ಇದಕ್ಕೆ ಹೊಂದಿಸಿ ಹೇಳುವ ವಾಡಿಕೆಯುಂಟು. ಇಲ್ಲಿ ‘ಕಾರಿತ’ ಎಂಬ ಪದವನ್ನು ಗಮನಿಸಬೇಕು. ಗುಂಡಿ ತೋಡಿದವನು ಮೇಸ್ತ್ರಿ, ಮರ ಕಡಿದವನು ಕೂಲಿಯಾಳು ಎಂದು ಹೇಳಿ ಮಾಡಿಸಿದವನು ತಪ್ಪಿಸಿಕೊಳ್ಳುವಂತಿಲ್ಲ.

ಮರದ ಆಯ್ಕೆ ಸಮಾರಂಭದ ಹಂತ. ಬೆಂಗಳೂರಿನ ಸುತ್ತಣ ಜಿಲ್ಲೆಗಳಿಗೆ ನೀಲಗಿರಿ ಹೊಸದಲ್ಲ. ಟಿಪ್ಪುಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ಅದನ್ನು ನಂದಿಬೆಟ್ಟದಲ್ಲಿ ನೆಡಲಾಯಿತೆಂದು ಹೇಳುತ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಕಡಿಯಲು ಅನುಮತಿ ಬೇಕಿಲ್ಲದ ಮರಗಳಲ್ಲಿ ನೀಲಗಿರಿಯನ್ನೂ ಸರ್ವೆಯನ್ನೂ ಸೇರಿಸಿದೆ. ಕಾನೂನು ಕೇಳದಿದ್ದರೂ ಧರ್ಮ ಕೇಳುತ್ತದೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಯ ಮೇಲಿರುವ ಷಡ್ಲೇಶ್ಯೆಯ ಚಿತ್ರವನ್ನು ಅನೇಕರು ನೋಡಿರಬಹುದು. ಹಣ್ಣಿಗಾಗಿ ಒಬ್ಬನು ಮರವನ್ನು ಬೇರುಸಹಿತ ಕೀಳಬಯಸುತ್ತಾನೆ, ಮತ್ತೊಬ್ಬನು ಬೊಡ್ಡೆಯನ್ನು, ಇನ್ನೊಬ್ಬನು ಕೊಂಬೆಯನ್ನು ಕಡಿಯಬಯಸುತ್ತಾನೆ. ಕೊನೆಯವನು ಉದುರಿದ ಹಣ್ಣನ್ನು ಆರಿಸಿ ತೃಪ್ತನಾಗುತ್ತಾನೆ. ಮೇಸ್ತ್ರಿ ಒಂಬತ್ತು ಮರ ಬೇಕೆಂದಿದ್ದನು. ಒಂದೊಂದು ಮರದ ಬುಡದ ಭಾಗವನ್ನು ಕಂಬಕ್ಕೂ ತುದಿಯ ಭಾಗವನ್ನು ಜಂತಿಗೂ ಅಳೆದು ನೋಡಲು ಐದೇ ಸಾಕಾದವು. ಬೇರುಗಳನ್ನು ಕೀಳಿಸಲಿಲ್ಲ, ಕಡಿದ ನೀಲಗಿರಿ ಬುಡದಿಂದ ಮತ್ತೆ ಚಿಗುರುತ್ತದೆ. ಇಷ್ಟರಿಂದ ನಾವು ಶುಕ್ಲಲೇಶ್ಯೆಯವರಾದೆವೆಂದಲ್ಲ. ಬೊಡ್ಡೆ ಕಡಿದವರ ಸಾಲಿನಲ್ಲೇ ಇದ್ದೇವೆ. ಒಂಬತ್ತು ಐದಾದುದು ಮಾತ್ರ ನಿಜ.

ನಿಜವಾದ ಧರ್ಮಸಂಕಟ ಎದುರಾದುದು ಗೆದ್ದಲಿನ ವಿಷಯದಲ್ಲಿ. ಕಂಬಗಳನ್ನು ನೆಲದಲ್ಲಿ ಹೂಳಿ, ಗುಂಡಿಗಳಿಗೆ ಕ್ಲೋರ್‌ಪೈರಿಫಾಸ್ ದ್ರಾವಣವನ್ನು ಸುರಿಯುವುದು ಸಾಮಾನ್ಯ ಪದ್ಧತಿ. ಖರ್ಚು ಕಡಿಮೆ, ಕೆಲಸ ಒಂದು ದಿನದ್ದು. ನಾನು ಬೇಡವೆಂದಾಗ ಮಗನು, “ಅಪ್ಪಾಜಿ, ಔಷಧ ಹಾಕದಿದ್ದರೆ ಐದು ವರ್ಷಕ್ಕೆ ಕಂಬ ಬದಲಿಸಬೇಕು. ಆಗ ಮತ್ತೆ ಐದು ಮರ ಕಡಿಯುತ್ತೀರಿ. ಅದು ಹಿಂಸೆಯಲ್ಲವೇ?” ಎಂದನು. ಪ್ರಶ್ನೆ ನ್ಯಾಯವಾದುದು, ಶಾಸ್ತ್ರವಾಕ್ಯವನ್ನು ಹೇಳಿ ಅದನ್ನು ತಳ್ಳಿಹಾಕುವಂತಿರಲಿಲ್ಲ.

ಯೋಚಿಸಿದಾಗ ಒಂದು ಭೇದ ಸ್ಪಷ್ಟವಾಯಿತು. ಗುಂಡಿ ತೋಡುವಾಗ ಎರೆಹುಳು ಸತ್ತರೆ ಅದು ಆರಂಭೀ ಹಿಂಸೆ. ಅದು ನಮ್ಮ ಉದ್ದೇಶವಲ್ಲ. ಇನ್ನೂ ಬಾರದಿರುವ ತ್ರೀಂದ್ರಿಯ ಜೀವಿಗಳಿಗಾಗಿ ಮೊದಲೇ ವಿಷವನ್ನಿಟ್ಟು ಕಾಯುವುದು ಹಾಗಲ್ಲ. ಅಲ್ಲಿ ಕೊಲ್ಲುವುದೇ ಉದ್ದೇಶ. ಹೆಸರು ಆರಂಭದ್ದು, ಭಾವ ಸಂಕಲ್ಪದ್ದು. ದಾರಿ ಕೊಡದಿರುವುದು ಬೇರೆ, ದಾರಿಯಲ್ಲಿ ವಿಷವಿಡುವುದು ಬೇರೆ. ಆದುದರಿಂದ ದಾರಿ ಕೊಡದೆ ಕಟ್ಟುವ ಬಗೆ ಯಾವುದೆಂದು ಹುಡುಕಬೇಕಾಯಿತು.

ಉತ್ತರ ನಮ್ಮ ಹಿರಿಯರ ಕಟ್ಟಡಗಳಲ್ಲೇ ಇದೆ. ಮೂಡಬಿದಿರೆಯಲ್ಲಿ 1430ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿಯಲ್ಲಿ ನೆಲಕ್ಕೆ ತಾಗಿದ ಅಂತಸ್ತು ಕಲ್ಲಿನದು, ಮೇಲಕ್ಕೆ ಹೋದಂತೆ ಮರದ ಕೆಲಸ. ನಾವೂ ಪ್ರತಿಯೊಂದು ಕಂಬದ ಕೆಳಗೆ ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲಿನ ಪೀಠವನ್ನು ಕೂರಿಸಿದೆವು. ಕಲ್ಲಿಗೂ ದಿಮ್ಮಿಗೂ ನಡುವೆ ಒಂದು ತಗಡು. ಅದರ ಅಂಚು ಸುತ್ತಲೂ ಎರಡಂಗುಲ ಹೊರಚಾಚಿ ಕೆಳಕ್ಕೆ ಬಾಗಿದೆ. ಗೆದ್ದಲು ಮಣ್ಣಿನ ಮರೆಯಲ್ಲಿ ನಡೆಯುವ ಜೀವಿ. ಕಲ್ಲಿನ ಮೇಲೆ ದಾರಿ ಕಟ್ಟಿದರೆ ಅದು ಕಣ್ಣಿಗೆ ಬೀಳುತ್ತದೆ. ಆರಂಭದಲ್ಲೇ ಮೆತ್ತನೆಯ ಪೊರಕೆಯಿಂದ ಸರಿಸಿದರೆ ಹಿಂದಿರುಗುತ್ತದೆ. ಮರ ಹಸಿಯಿರುವಾಗಲೇ ತೊಗಟೆ ಸುಲಿಸಿದೆವು, ಏಕೆಂದರೆ ಕೊರೆಯುವ ಹುಳುಗಳು ತೊಗಟೆಯ ಅಡಿಯಲ್ಲಿ ಮೊಟ್ಟೆಯಿಡುತ್ತವೆ. ನೀಲಗಿರಿ ಬಿಸಿಲಿಗೆ ಸೀಳುವುದರಿಂದ ಮೂರು ತಿಂಗಳು ನೆರಳಿನಲ್ಲಿ ಒಣಗಿಸಿ, ಕರಾವಳಿಯವರಂತೆ ಗೇರೆಣ್ಣೆ ಬಳಿಸಿದೆವು. ಮಳೆ ಕಂಬಕ್ಕೆ ತಾಗದಂತೆ ಸೂರನ್ನು ಮೂರಡಿ ಹೊರಕ್ಕೆ ಇಳಿಸಿದೆವು. ಹೆಂಚು, ಕೆಡವಿದ ಹಳೆಯ ಮನೆಯೊಂದರದು. ಅಡಿಪಾಯದ ಕೆಲಸವನ್ನು ಚಾತುರ್ಮಾಸ ಕಳೆದು ನೆಲ ಒಣಗಿದ ಮೇಲೆ ಕೈಗೊಂಡೆವು. ವಿಷಕ್ಕಿಂತ ಕಲ್ಲಿಗೆ ಹೆಚ್ಚು ಹಣವಾಯಿತು, ನಾಲ್ಕು ತಿಂಗಳು ತಡವಾಯಿತು. ನಮ್ಮ ಅವಸರದ ಬೆಲೆ ಅಷ್ಟೆಂದು ತಿಳಿದೆ.

ಮಂಟಪದಲ್ಲಿ ವಿದ್ಯುದ್ದೀಪವನ್ನು ಹಾಕಿಸಲಿಲ್ಲ. ಬೆಳಕಿಗೆ ಹಾತೆಗಳು ಮುತ್ತಿ ಬೀಳುತ್ತವೆ. ರಾತ್ರಿಭೋಜನವಿಲ್ಲದ ನಮಗೆ ಸೂರ್ಯಾಸ್ತದ ಬಳಿಕ ಅಲ್ಲಿ ಕೆಲಸವೂ ಇಲ್ಲ. ಮುಂದೆ ಒಂದು ವರ್ಷಕ್ಕೆ ಕಪ್ಪು ದುಂಬಿಯೊಂದು ಜಂತಿಯನ್ನು ಕೊರೆದು ಗೂಡು ಮಾಡಿತು. ಮರಿಗಳು ಹೊರಬರುವವರೆಗೆ ಕಾದು, ಬರಿದಾದ ತೂತಿಗೆ ಮರದ ಬೆಣೆಯನ್ನು ಬಡಿಸಿದೆವು. ಅದನ್ನು ಬಡಿಸಿದವನು, ಔಷಧ ಹಾಕಿಸಬೇಕೆಂದಿದ್ದ ಮಗನೇ.

ದೇವಾಲಯದ ಟ್ರಸ್ಟುಗಳವರಲ್ಲಿ ಒಂದು ವಿಜ್ಞಾಪನೆಯುಂಟು. ಶ್ರವಣಬೆಳಗೊಳದ ದಾರಿ ತುಮಕೂರು ರಸ್ತೆಯಿಂದ ಕವಲೊಡೆಯುವುದು ನೆಲಮಂಗಲದಲ್ಲಿ. ಮಂಟಪ ಸಿದ್ಧವಾದಾಗ ಕೆಲವು ಬಂಧುಗಳು, “ವಿಹಾರದ ಮುನಿಗಳಿಗಾಗಿ ಕಟ್ಟಿಸಿದ್ದೆಂದು ಹೇಳಿರಿ, ಪುಣ್ಯ ಬರುತ್ತದೆ” ಎಂದರು. ನಾನು ಒಪ್ಪಲಿಲ್ಲ. ಮುನಿಗಳಿಗೆಂದೇ ಮಾಡಿದ ಆಹಾರವು ಉದ್ದಿಷ್ಟ ದೋಷಕ್ಕೆ ಒಳಗಾಗುವಂತೆ ಅವರಿಗೆಂದೇ ಕಟ್ಟಿದ ವಸತಿಯೂ ಆಗುತ್ತದೆ. ಕಡಿದ ಮರದ ಹೊಣೆಯನ್ನು, ಎಲ್ಲವನ್ನೂ ತೊರೆದವರ ಹೆಸರಿಗೆ ಬರೆಯುವುದು ಯಾವ ಲೆಕ್ಕಶಾಸ್ತ್ರದಲ್ಲೂ ಸಲ್ಲದು. ನಮಗಾಗಿ ಕಟ್ಟಿಕೊಂಡದ್ದು ಅವರು ಬಂದಾಗ ತೆರೆದಿದ್ದರೆ ಸಾಕು.

ಇಂದು ನಮ್ಮ ಸಮಾಜದಲ್ಲಿ ಕಟ್ಟಡಗಳಿಗೆ ಕೊರತೆಯಿಲ್ಲ. ಕಟ್ಟಡ ಸಮಿತಿಯು ನಕ್ಷೆಯನ್ನು ಒಪ್ಪುವ ಮೊದಲು ಮೂರು ವಿಷಯಗಳನ್ನು ನಡವಳಿ ಪುಸ್ತಕದಲ್ಲಿ ಬರೆದಿಡಲಿ: ಇದು ಯಾವ ಉಪಯೋಗಕ್ಕೆ, ಎಷ್ಟರಿಂದ ಸಾಕು, ಅಡಿಪಾಯಕ್ಕೆ ಏನನ್ನು ಸುರಿಯುತ್ತೇವೆ. ಮೂರನೆಯದನ್ನು ಗುತ್ತಿಗೆದಾರನ ವಿವೇಚನೆಗೆ ಬಿಡುವುದೇ ರೂಢಿ. ಗೋಡೆ ಎದ್ದ ಮೇಲೆ ಅದನ್ನು ಯಾರೂ ಕಾಣರು. ಆದರೆ ಶ್ರಾವಕನ ಅಣುವ್ರತ ನಿಂತಿರುವುದು ಅದರ ಮೇಲೆಯೇ.