ಬುದ್ಧಿ 9, ವಿವೇಕ 17

ಪುಣೆಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ದಾಳ ಉರುಳುತ್ತವೆ. ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗಿ ಕತೆ ಬೆಳೆಸಬೇಕು.

ಮಗಳಿಗೆ ಕನ್ನಡ ಮಾತು ಬರುತ್ತದೆ, ಓದುವಾಗ ತಡವರಿಸುತ್ತಾಳೆ. ಅದಕ್ಕೇ ಪಾತ್ರ ಕಟ್ಟುವ ಪುಟ್ಟ ಪ್ರೋಗ್ರಾಮೊಂದನ್ನು ಕನ್ನಡದಲ್ಲಿ ಮಾಡಿದೆ. ನಾಲ್ಕು ದಾಳ ಹಾಕಿ, ಎಲ್ಲಕ್ಕಿಂತ ಕಡಿಮೆ ಬಿದ್ದದ್ದನ್ನು ಬಿಟ್ಟು ಉಳಿದ ಮೂರನ್ನು ಕೂಡುವುದು. ಹೀಗೆ ಆರು ಸಲ. ಆರು ಗುಣಗಳಿಗೆ ಕಸುವು, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಹೆಸರಿಟ್ಟೆ.

“ಅಪ್ಪಾ, ಬುದ್ಧಿಗೂ ವಿವೇಕಕ್ಕೂ ಏನ್ ಫರಕ್?”

“ನಿಮ್ಮ ಅಜ್ಜಿ ಸಾಲಿ ಕಲ್ತಿರಲಿಲ್ಲ. ಆದ್ರ ಓಣ್ಯಾಗ ಜಗಳಾದ್ರ ಆಕಿನ್ನ ಕರೀತಿದ್ರು. ಅದು ವಿವೇಕ.”

ಮಗಳು ಒತ್ತಕ್ಷರ ಹುಡುಕುತ್ತ ಅಜ್ಜಿಯ ಹೆಸರನ್ನೇ ಪಾತ್ರಕ್ಕೆ ಟೈಪ್ ಮಾಡಿದಳು. ಬಿದ್ದ ಅಂಕಗಳಲ್ಲಿ 17 ವಿವೇಕಕ್ಕೆ, 9 ಬುದ್ಧಿಗೆ.

ಅಂಕದಿಂದ 10 ಕಳೆದು, ಅರ್ಧ ಮಾಡಿ, ಕೆಳಗಿನ ಪೂರ್ಣಾಂಕಕ್ಕೆ ಇಳಿಸಬೇಕೆಂಬುದು ಆಟದ ನಿಯಮ. 17ಕ್ಕೆ +3 ಸರಿಯಾಗಿ ಬಂತು. 9ಕ್ಕೆ −1 ಬರಬೇಕಿತ್ತು. ನಾನು ದಶಮಾಂಶವನ್ನು ಸುಮ್ಮನೆ ಕತ್ತರಿಸಿದ್ದರಿಂದ 0 ಬಂತು. ತಿದ್ದಲು ಕೂತೆ. ಮಗಳು ಕೈ ಹಿಡಿದಳು:

“ಸಾಲಿಗೆ ಕಳಸಲಿಲ್ಲಂದ್ರ ಅದು ಅಜ್ಜಿ ತಪ್ಪೇನು?”

ಅವ್ವ ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದಳು. ಸಹಿ ಹಾಕುವುದನ್ನು ನಾನಾದರೂ ಕಲಿಸಬಹುದಿತ್ತು. ರಜೆಗೆ ಊರಿಗೆ ಹೋದಾಗಲೆಲ್ಲ ಆಕೆ ಮಾಡಿದ ರೊಟ್ಟಿ ತಿಂದು ಬಂದೆ, ಅಷ್ಟೇ.

ಮನೆಯವರೇ ಮಾಡಿಕೊಂಡ ನಿಯಮಕ್ಕೆ ಈ ಆಟದವರು ‘ಹೋಮ್‌ಬ್ರೂ’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೆ 9 ಬಿದ್ದರೂ ಏನೂ ಕಳೆಯುವುದಿಲ್ಲ. ಆ ಸಾಲನ್ನು ನಾನು ತಿದ್ದಿಲ್ಲ.