ತಂತಿಯಿಲ್ಲದ ಬೈರಿಗೆ

ಬೈರಿಗೆಯನ್ನು ಕಣ್ಣಾರೆ ಕಾಣದವರು ನಮ್ಮ ವಾಚಕರಲ್ಲಿ ವಿರಳವೆಂದು ನಂಬಿದ್ದೇನೆ. ಬಾಲ್ಯದಲ್ಲಿ ಮನೆಗೆ ಬಡಗಿಗಳು ಬಂದರೆಂದರೆ ನಾವು ಹುಡುಗರು ಉಳಿ ಬಾಚಿಗಳ ಕಡೆ ತಿರುಗಿಯೂ ನೋಡದೆ ಬೈರಿಗೆಯ ಸುತ್ತ ಕುಕ್ಕರಿಸುತ್ತಿದ್ದೆವು. ಹಿರಿಯ ಆಚಾರ್ಯರು ಅದರ ನೆತ್ತಿಯನ್ನು ಅಂಗೈಯಲ್ಲಿ ಒತ್ತಿಹಿಡಿದು ನಿಂತರೆ, ಅವರ ಮಗನು ಅದರ ಕಂಬಕ್ಕೆ ಸುತ್ತಿದ ಹಗ್ಗವನ್ನು ಮೊಸರು ಕಡೆಯುವ ಹೆಂಗಸಿನಂತೆ ಒಮ್ಮೆ ಇತ್ತ, ಒಮ್ಮೆ ಅತ್ತ ಎಳೆಯುತ್ತಿದ್ದನು. ಮೊನೆಯು ತಿರುತಿರುಗಿ ಮರದೊಳಕ್ಕೆ ಇಳಿಯುವುದನ್ನೂ, ಬಿಸಿಯಾದ ಹೊಟ್ಟು ಕಂಪು ಸೂಸುತ್ತ ಹೊರಬೀಳುವುದನ್ನೂ ನೋಡುವುದೇ ನಮಗೊಂದು ಹಬ್ಬ. ಹಗ್ಗವೆಳೆಯುವ ಹುಡುಗನ ಅಂಗೈಯನ್ನು ಮಾತ್ರ ನಮ್ಮಲ್ಲಿ ಯಾರೂ ನೋಡಿದ್ದಿಲ್ಲ.

ಹೋದ ಮಾಘದಲ್ಲಿ ಕಡಬದ ನಮ್ಮ ಹಳೆಯ ಮನೆಯ ದುರಸ್ತಿಗೆ ತೊಡಗಿದಾಗ, ಬೆಂಗಳೂರಿನಲ್ಲಿರುವ ನನ್ನ ಮಗನು ಒಂದು ಹೊಸ ಬೈರಿಗೆಯನ್ನು ಕಳುಹಿಸಿಕೊಟ್ಟನು. ಇದನ್ನು ಕಾರ್ಡ್‌ಲೆಸ್ ಡ್ರಿಲ್ ಎಂದು ಕರೆಯುತ್ತಾರೆ. ಕಾರ್ಡ್ ಎಂದರೆ ಹಗ್ಗವೂ ಹೌದು, ವಿದ್ಯುತ್ತಿನ ತಂತಿಯೂ ಹೌದು. ಎರಡನ್ನೂ ತೊರೆದ ಈ ಯಂತ್ರಕ್ಕೆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಪಿಸ್ತೂಲಿನಂತೆ ಹಿಡಿದು, ಬೆರಳಿನಿಂದ ಗುಂಡಿಯೊತ್ತಿ ನಡೆಸುವ ವಿದ್ಯುತ್ ಬೈರಿಗೆಗೆ ಅಮೆರಿಕೆಯ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿಯವರು ೧೯೧೭ರಲ್ಲಿ ಹಕ್ಕುಪತ್ರ ಪಡೆದರು. ತಂತಿಯ ಹಂಗಿಲ್ಲದೆ ಬ್ಯಾಟರಿಯಿಂದ ತಿರುಗುವುದನ್ನು ೧೯೬೧ರಲ್ಲಿ ಹೊರತಂದವರೂ ಅವರೇ. ನನಗೆ ಬಂದದ್ದು ೧೮ ವೋಲ್ಟಿನದು. ಅದರ ಹಿಡಿಯ ಬುಡದಲ್ಲಿ ೩.೬ ವೋಲ್ಟಿನ ಐದು ಲಿಥಿಯಂ ಕೋಶಗಳು ಒಂದರ ಬೆನ್ನಿಗೊಂದು ಕುಳಿತಿವೆ. ನೆತ್ತಿಯ ಮೇಲಿನ ಗುಂಡಿಯನ್ನು ಸರಿಸಿದರೆ ಓಟವು ಮಂದವೋ ಶೀಘ್ರವೋ ಆಗುತ್ತದೆ. ಕೊರಳಿನ ಬಳೆಯ ಮೇಲೆ ಅಂಕಿಗಳುಂಟು; ತಿರುಪುಮೊಳೆಯು ಬೇಕಾದಷ್ಟು ಬಿಗಿಯಾದೊಡನೆ ಯಂತ್ರವು ಟಕಟಕನೆ ಸದ್ದುಮಾಡಿ ಮುಂದೆ ತಿರುಗಿಸಲೊಲ್ಲದು. ಅದೇ ಕೊರಳಿನಲ್ಲಿ ಸುತ್ತಿಗೆಯ ಗುರುತೂ ಒಂದಿದೆ. ಅಲ್ಲಿಗೆ ತಿರುಗಿಸಿದರೆ ಮೊನೆಯು ತಿರುಗುವುದರ ಜೊತೆಗೆ ನಿಮಿಷಕ್ಕೆ ಸಾವಿರಾರು ಸಲ ಗುದ್ದುತ್ತದೆ. ಕಾಂಕ್ರೀಟಿಗೂ ಸುಟ್ಟ ಇಟ್ಟಿಗೆಗೂ ಇದು ಬೇಕು.

ಪುಸ್ತಿಕೆಯಲ್ಲಿ ಇಷ್ಟನ್ನು ಓದಿಕೊಂಡು ನಾನು ಪಂಡಿತನಾದೆ. ಒಂದೇ ವಾರದಲ್ಲಿ ಅಡುಗೆಮನೆಯ ಹಲಗೆಗಳು, ದೇವರಮನೆಯ ಬಾಗಿಲಿನ ಬಿಜಾಗರಿ, ನಡುಮನೆಯ ಗೂಡಿನ ಕದ ಎಲ್ಲವೂ ನನ್ನ ಕೈಯಿಂದಲೇ ಆದುವು. ದಿನಕ್ಕೆರಡು ಸಲ ಕರೆಂಟು ಹೋಗುವ ಊರಿನಲ್ಲಿ, ಹೋದದ್ದೇ ತಿಳಿಯದೆ ಕೆಲಸ ಸಾಗುವುದೆಂದರೆ ಸಣ್ಣ ಸುಖವಲ್ಲ. ಬೆಳಿಗ್ಗೆ ತುಂಬಿಸಿಟ್ಟ ಬ್ಯಾಟರಿಯು ಸಂಜೆಯವರೆಗೆ ಸಾಕಾಗುತ್ತಿತ್ತು. (ಅದನ್ನು ಬಿಸಿಲಿನಲ್ಲಿ ಬಿಡಬಾರದು, ಲಿಥಿಯಂ ಕೋಶಕ್ಕೆ ಸೆಕೆಯೇ ಶತ್ರು. ಕಣ್ಣಿಗೆ ಕನ್ನಡಕವಿರಲಿ, ಮತ್ತು ದಯವಿಟ್ಟು ಪಂಚೆಯನ್ನು ಎತ್ತಿಕಟ್ಟಿಕೊಳ್ಳಿರಿ.)

ಇವೆಲ್ಲವೂ ಮರದ ಕೆಲಸಗಳೆಂಬುದು ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ದುರಸ್ತಿಗೆ ಮೂಲಕಾರಣವೇ ಬಚ್ಚಲುಮನೆ. ನಮ್ಮ ತಾಯಿಯವರಿಗೆ ಎಂಬತ್ತೆರಡು ವರ್ಷ. ಕಾರ್ತಿಕದಲ್ಲಿ ಅವರು ಹಂಡೆಯ ಬಳಿ ಜಾರಿ ಮಂಡಿಯೂರಿದ್ದರು. ಆ ವಯಸ್ಸಿನಲ್ಲಿ ತೊಡೆಯ ಸಂದಿನ ಎಲುಬು ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವವರು ಎಷ್ಟು ಕಡಿಮೆಯೆಂಬುದನ್ನು ನೆರೆಹೊರೆಯಲ್ಲಿಯೇ ಕಂಡಿದ್ದೇವೆ. ಮಣೆಯಿಂದ ಏಳುವಾಗ ಹಿಡಿದುಕೊಳ್ಳಲು ಗೋಡೆಗೊಂದು ಉಕ್ಕಿನ ಹಿಡಿಯನ್ನು ಕೂರಿಸುವುದೆಂದು ನಿಶ್ಚಯಿಸಿದೆ. ಗೋಡೆಗೆ ಸಿಮೆಂಟಿನ ಗಿಲಾವು ಇತ್ತು. ಸಿಮೆಂಟೆಂದ ಮೇಲೆ ಸುತ್ತಿಗೆಯ ಗುರುತು ತಾನೆ? ಹಾಗೆಯೇ ತಿರುಗಿಸಿ ಗುಂಡಿಯೊತ್ತಿದೆ. ಮೊದಲ ಅರ್ಧ ಅಂಗುಲ ಯಂತ್ರವು ಹಲ್ಲು ಕಡಿಯುತ್ತ ಹೋಯಿತು. ಬೂದುಬಣ್ಣದ ಪುಡಿ ಉದುರಿತು. ಅನಂತರ ಮೊನೆಯು ಕಳಿತ ಬಾಳೆಯ ಹಣ್ಣಿಗೆ ಬೆರಳು ಹೊಕ್ಕಂತೆ ಸರ್ರನೆ ಒಳಕ್ಕೆ ಸರಿಯಿತು, ಪುಡಿಯು ಕೆಂಪಾಯಿತು. ಗೋಡೆಯು ತನ್ನ ಗುಟ್ಟನ್ನು ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೂ ನಾನು ಯಂತ್ರದ ಶಕ್ತಿಗೆ ತಲೆದೂಗುತ್ತಿದ್ದೆ! ನಾಲ್ಕು ರಂಧ್ರ, ನಾಲ್ಕು ಪ್ಲಗ್ಗು, ನಾಲ್ಕು ತಿರುಪುಮೊಳೆ. ಕಾಲುಗಂಟೆಯಲ್ಲಿ ಕೆಲಸ ಮುಗಿಯಿತು. ಎರಡು ಬೆರಳಿನಿಂದ ಎಳೆದು ನೋಡಿ ಭದ್ರವೆಂದು ಸಾರಿದೆ.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕೂಗು ಕೇಳಿತು: “ಅಯ್ಯೋ, ಇದು ಕೈಗೇ ಬಂತಲ್ಲಪ್ಪಾ!” ಓಡಿಹೋದೆ. ಅಮ್ಮ ಮಣೆಯ ಮೇಲೆಯೇ ಕುಳಿತಿದ್ದರು. ಮಡಿಲಿನಲ್ಲಿ ಹಿಡಿ, ಹಿಡಿಯ ಜೊತೆಗೆ ಊಟದ ತಟ್ಟೆಯಷ್ಟಗಲದ ಗಿಲಾವಿನ ಹೆಕ್ಕಳೆ. ಇನ್ನೂ ಪೂರ್ತಿ ಏಳುವ ಮೊದಲೇ ಅದು ಕಿತ್ತುಬಂದುದರಿಂದ ಮೊಣಕೈ ತರಚಿದ್ದಷ್ಟೇ ಆಯಿತು. ಎದ್ದು ನಿಂತ ಮೇಲೆ ಕಿತ್ತಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರಿಗೆ ಆಸರೆಯಿಲ್ಲವೆಂಬ ಎಚ್ಚರವಾದರೂ ಮೊದಲಿತ್ತು. ನಾನು ಸುಳ್ಳು ಆಸರೆಯನ್ನು ಕೊಟ್ಟು ಆ ಎಚ್ಚರವನ್ನೂ ಕಸಿದಿದ್ದೆ.

ನಮ್ಮ ಗೋಡೆಯು ಹಸಿ ಇಟ್ಟಿಗೆಯದು. ಶಿಂಷೆಗೆ ಅಡ್ಡಲಾಗಿ ಕಟ್ಟಿದ ಊರಿನ ದೊಡ್ಡ ಕೆರೆಯ ಮಣ್ಣನ್ನೇ ತುಳಿದು ಕೊಯ್ದುದೆಂದು ತಾತನವರು ಹೇಳುತ್ತಿದ್ದರು. ಸಿಮೆಂಟು ಅದಕ್ಕೆ ಎಷ್ಟೋ ಕಾಲದ ಮೇಲೆ ತೊಡಿಸಿದ ಅಂಗಿ. ಇನ್ನು ಪ್ಲಗ್ಗಿನ ವಿಚಾರ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳನ್ನು ಒಡೆಯದೆ ವಿದ್ಯುದ್ದೀಪಗಳ ಸಲಕರಣೆಗಳನ್ನು ಕೂರಿಸಬೇಕಾಗಿ ಬಂದಾಗ ರಾಲಿಂಗ್ಸ್ ಎಂಬ ಗುತ್ತಿಗೆದಾರನು ೧೯೧೧ರ ಸುಮಾರಿಗೆ ನಾರಿನ ಪ್ಲಗ್ಗನ್ನು ಕಂಡುಹಿಡಿದನು. ಈಗಿನ ನೈಲಾನಿನದು ೧೯೫೮ರಲ್ಲಿ ಜರ್ಮನಿಯ ಆರ್ಟುರ್ ಫಿಷರನಿಂದ ಬಂದುದು. ತಿರುಪುಮೊಳೆ ಒಳಹೊಕ್ಕಂತೆಲ್ಲ ಪ್ಲಗ್ಗು ಉಬ್ಬಿ ರಂಧ್ರದ ಪಕ್ಕಗಳನ್ನು ಒದೆಯುತ್ತದೆ. ಆ ಒದೆತವೇ ಅದರ ಹಿಡಿತ. ಒದೆತವನ್ನು ತಾಳುವ ಕಲ್ಲೋ ಇಟ್ಟಿಗೆಯೋ ಎದುರಿಗಿದ್ದರೆ ಸರಿ. ಮಣ್ಣಾದರೋ ಒದ್ದಷ್ಟೂ ಹಿಂದೆ ಸರಿಯುತ್ತದೆ. ನಮ್ಮ ಹಿರಿಯರು ಇದನ್ನರಿತೇ ಗಿಳಿಗೂಟಗಳನ್ನು ಗೋಡೆಯೇಳುವಾಗಲೇ ಇಟ್ಟಿಗೆಗಳ ನಡುವೆ ಉದ್ದಕ್ಕೆ ಹೂತು ಕಟ್ಟುತ್ತಿದ್ದರು. ನಮ್ಮ ನಡುಮನೆಯ ಗಿಳಿಗೂಟಕ್ಕೆ ಇಂದಿಗೂ ಮಗುವೊಂದು ಜೋತುಬೀಳಬಹುದು.

ಚಂದ್ರಲೋಕದಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆದಿದೆಯೆಂದು ಓದಿ ಸ್ವಲ್ಪ ಸಮಾಧಾನಪಟ್ಟುಕೊಂಡೆ. ೧೯೭೧ರಲ್ಲಿ ಅಪೊಲೊ ೧೫ರ ಯಾತ್ರಿಕರು ಬ್ಯಾಟರಿಯ ಬೈರಿಗೆಯಿಂದ ಅಲ್ಲಿಯ ನೆಲವನ್ನು ಮೂರು ಮೀಟರು ಕೊರೆಯಲು ಹೊರಟಿದ್ದರು. ನೆಲವು ಎಣಿಸಿದ್ದಕ್ಕಿಂತ ಗಟ್ಟಿಯಾಗಿದ್ದುದರಿಂದ ಶಾಖಮಾಪಕಕ್ಕಾಗಿ ಕೊರೆದ ರಂಧ್ರವು ಸುಮಾರು ಅರ್ಧದಾರಿಯಲ್ಲಿಯೇ ನಿಂತುಹೋಯಿತಂತೆ.

ಮೂರನೆಯ ದಿನ ಹಳೆಯ ಆಚಾರ್ಯರಿಗೆ ಹೇಳಿಕಳುಹಿಸಿದೆ. ಅವರಿಗೂ ಎಪ್ಪತ್ತು ದಾಟಿದೆ. ಅವರು ಯಂತ್ರವನ್ನು ಮುಟ್ಟಲಿಲ್ಲ. ಬೆರಳ ಗೆಣ್ಣಿನಿಂದ ಗೋಡೆಯನ್ನು ಗೇಣುಗೇಣಿಗೂ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದರು. ನನಗೆ ನಮ್ಮ ಜಿಲ್ಲೆಯ ಕೈದಾಳದ ಕಥೆ ನೆನಪಾಯಿತು. ಜಕಣಾಚಾರಿಯ ವಿಗ್ರಹಕ್ಕೆ ಗಂಧ ಬಳಿದಾಗ ಒಂದೆಡೆ ಮಾತ್ರ ಅದು ಒಣಗದಿದ್ದುದನ್ನು ತೋರಿಸಿ, ಕಲ್ಲಿನ ಒಳಗೆ ಕಪ್ಪೆಯಿದೆಯೆಂದು ಹೇಳಿದ ಡಂಕಣನ ಕಥೆ.

“ಮೇಲಿನ ಸಿಮೆಂಟು ನೋಡಿ ಮೋಸ ಹೋದಿರಿ, ಸ್ವಾಮಿ,” ಎಂದರು ಆಚಾರ್ಯರು. “ಇದು ಮಣ್ಣು. ಮಣ್ಣಿಗೆ ಮೊಳೆ ಹಿಡಿಯೋಲ್ಲ. ಗೋಡೇನೇ ಅಪ್ಪಿಕೊಳ್ಳೋ ಹಾಗೆ ಮಾಡಬೇಕು.”

ಗುಬ್ಬಿಯಿಂದ ಒಂದೂವರೆ ಅಡಿ ಉದ್ದದ ಕೊರೆಮೊನೆಯನ್ನೂ, ತುಕ್ಕುಹಿಡಿಯದ ಉಕ್ಕಿನ ತಿರುಪು ಸರಳುಗಳನ್ನೂ ತರಿಸಿದೆವು. ಹೊನ್ನೆಯ ಎರಡು ದಪ್ಪ ಹಲಗೆಗಳನ್ನು ಆಚಾರ್ಯರು ತಾವೇ ಹತ್ತರಿಯಿಟ್ಟು ಎಣ್ಣೆಯೂಡಿದರು. ಬಳಿಕ ಯಂತ್ರವನ್ನು ಕೈಗೆತ್ತಿಕೊಂಡು ಮೊದಲು ಸುತ್ತಿಗೆಯ ಗುರುತಿನಿಂದ ಬಳೆಯನ್ನು ಹಿಂದಕ್ಕೆ ತಿರುಗಿಸಿಸಿದರು. “ಇದಕ್ಕೆ ಗುದ್ದು ಬೇಡ, ಗುದ್ದಿದರೆ ಬಿರಿಯುತ್ತೆ.” ಮಂದ ಓಟದಲ್ಲಿ, ಮೈಭಾರ ಹಾಕದೆ, ನಾಲ್ಕು ಬೆರಳಿನಷ್ಟು ಇಳಿದೊಡನೆ ಮೊನೆಯನ್ನು ಹೊರಗೆಳೆದು ಪುಡಿ ಕೊಡವಿ ಮತ್ತೆ ಕೊರೆಯುತ್ತ, ಹದಿನಾಲ್ಕು ಅಂಗುಲದ ಗೋಡೆಯನ್ನು ನಾಲ್ಕು ಕಡೆ ಹಿತ್ತಲಿನವರೆಗೆ ದಾಟಿಸಿದರು. ಮೊನೆ ಮೇಲೇರಿತೋ ಕೆಳಗಿಳಿಯಿತೋ ಎಂದು ಪಕ್ಕದಲ್ಲಿ ನಿಂತು ಹೇಳುವುದಷ್ಟೇ ನನ್ನ ಪಾಲಿನ ಕೆಲಸ. ಒಳಗೊಂದು ಹಲಗೆ, ಹಿತ್ತಲ ಕಡೆ ಸೂರಿನಡಿಯಲ್ಲಿ ಒಂದು ಹಲಗೆ, ನಡುವೆ ಗೋಡೆ. ಸರಳುಗಳನ್ನು ತೂರಿಸಿ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿದರು. ಹಿಡಿಯು ಕುಳಿತದ್ದು ಗೋಡೆಗಲ್ಲ, ಹೊನ್ನೆಗೆ. ನಾನು ಮಾಡಿದ್ದ ಗಾಯಕ್ಕೆ ಹುಲ್ಲು ಕಲಸಿದ ಮಣ್ಣು ಮೆತ್ತಿ ಸುಣ್ಣದ ಗಾರೆ ಎಳೆದರು. ಬಳಿಕ ಹಿಡಿಗೆ ತಾವೇ ಜೋತುಬಿದ್ದು ನೋಡಿ, ನನ್ನನ್ನೂ ಜೋತುಬೀಳಿಸಿದರು.

ಕೊರೆತವೆಲ್ಲ ಒಂದು ಗಂಟೆಯೊಳಗೆ ಮುಗಿದಿತ್ತು. ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೇಳಬಹುದೋ ಏನೋ ಎಂಬ ಕ್ಷುದ್ರವಾದ ಯೋಚನೆ ನನ್ನ ತಲೆಯಲ್ಲಿ ಸುಳಿಯಿತೆಂದು ಒಪ್ಪಿಕೊಳ್ಳುತ್ತೇನೆ. ಪೂರ್ತಿ ದಿನದ ಕೂಲಿಯನ್ನೇ ಕೊಟ್ಟೆ. ಅವರೂ ಎಣಿಸದೆ ಮಡಿಸಿ ಜೇಬಿಗಿಟ್ಟುಕೊಂಡರು. ಕಾಫಿ ಕುಡಿಯುತ್ತ ಆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಬರಿದೇ ತಿರುಗಿಸಿದರು.

“ನಮ್ಮಪ್ಪನಿಗೆ ಹಗ್ಗ ಎಳೀತಿದ್ದವನು ನಾನೇ, ಸ್ವಾಮಿ. ಈ ಮನೇಲೂ ಎಳೆದಿದ್ದೇನೆ. ನೀವು ಕೂತು ನೋಡ್ತಿದ್ದಿರಿ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ ಇದು ಇದ್ದಿದ್ದರೆ ನಾನೂ ಸ್ಕೂಲಿಗೆ ಹೋಗ್ತಿದ್ದೆ,” ಎಂದರು.

ನಾನು ಏನೂ ಹೇಳಲಾರದೆ ಅವರ ಅಂಗೈಯನ್ನು ನೋಡಿದೆ.

ಮರುದಿನ ಅಮ್ಮ ಸ್ನಾನಕ್ಕೆ ಹೋದಾಗ ನಾನು ಬಾಗಿಲ ಹೊರಗೇ ನಿಂತಿದ್ದೆ. ಚೊಂಬನ್ನು ಕಲ್ಲಿನ ಮೇಲಿಟ್ಟ ಸದ್ದಾಯಿತು. ಬಳಿಕ ಬಹಳ ಹೊತ್ತು ನಿಶ್ಶಬ್ದ. ಅನಂತರ ಬಳೆ ಉಕ್ಕಿಗೆ ತಾಗಿದ ಸಣ್ಣ ಸದ್ದು; ಅದರ ಹಿಂದೆಯೇ ಅವರ ದನಿ: “ಅಲ್ಲೇ ನಿಂತಿದ್ದೀಯೇನೋ? ಹೋಗು, ನಾನು ಎದ್ದಾಯ್ತು.”