ಚುಕ್ಕಿಗಳ ಬೆಲೆ

2023ರ ಜನವರಿ. ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂದಲ್ಲಿ ಒಂದು ಅಂಗಡಿಯ ಗಾಜಿನ ಕಿಟಕಿಯ ಮುಂದೆ ದಾರಿಹೋಕರು ಗುಂಪುಗೂಡುತ್ತಿದ್ದರು. ಕಿಟಕಿಯ ಒಳಗೆ ವಯಸ್ಸಾದ ಹೆಂಗಸೊಬ್ಬರು ಕುಂಚ ಹಿಡಿದು ಗಾಜಿಗೆ ಚುಕ್ಕಿ ಇಡುತ್ತಿದ್ದರು. ನಡುನಡುವೆ ಕಣ್ಣು ಮಿಟುಕಿಸುತ್ತಿದ್ದರು, ಕತ್ತು ಹೊರಳಿಸುತ್ತಿದ್ದರು. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ಅದು ಯಂತ್ರದ ಬೊಂಬೆಯೆಂದು ತಿಳಿಯುತ್ತಿತ್ತು. ಫ್ರಾನ್ಸಿನ ಹೆಸರಾಂತ ಚೀಲ ಮತ್ತು ಉಡುಪಿನ ಕಂಪೆನಿ ಲೂಯಿ ವಿಟಾನ್, ಜಪಾನಿನ ಚಿತ್ರಕಲಾವಿದೆ ಯಾಯೋಯಿ ಕುಸಾಮಾ ಅವರ ರೂಪದಲ್ಲಿ ಮಾಡಿಸಿದ್ದ ರೋಬಾಟ್ ಅದು. ಆಗ ಕುಸಾಮಾ ಅವರಿಗೆ 93 ವರ್ಷ. ಅವರ ಚುಕ್ಕಿಗಳನ್ನು ಹೊತ್ತ ಕೈಚೀಲ, ಬಟ್ಟೆ, ಪಾದರಕ್ಷೆಗಳು ಆ ದಿನಗಳಲ್ಲಿ ದೇಶದೇಶಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದವು.

ಒಂದು ಚುಕ್ಕಿಗೆ ಇಷ್ಟೊಂದು ಬೆಲೆ ಹೇಗೆ ಬಂತು? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಸಿಗುವುದು ಎಂಬತ್ತು ವರ್ಷಗಳಿಗೂ ಮೀರಿದ ಒಂದು ಹಟದ ಕಥೆ.

ಹರಿದು ಹೋದ ಹಾಳೆಗಳು

ಕುಸಾಮಾ ಹುಟ್ಟಿದ್ದು 1929ರಲ್ಲಿ, ಜಪಾನಿನ ಮಾತ್ಸುಮೋತೊ ಎಂಬ ಊರಿನಲ್ಲಿ. ಮನೆಯವರದು ಸಸಿ ಹಾಗೂ ಬೀಜಗಳ ವ್ಯಾಪಾರ. ಅನುಕೂಲಸ್ಥ ಕುಟುಂಬವೇ. ಆದರೆ ಹುಡುಗಿ ಚಿತ್ರ ಬರೆಯುವುದು ತಾಯಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಒಳ್ಳೆಯ ಮನೆತನ ನೋಡಿ ಮದುವೆ ಮಾಡಬೇಕಾದ ಮಗಳು ಬಣ್ಣ ಬಳಿಯುತ್ತ ಕೂರುವುದೆಂದರೇನು? ಮಗಳ ಕೈಯಿಂದ ಹಾಳೆ ಕಿತ್ತು ಹರಿದುಹಾಕುತ್ತಿದ್ದರಂತೆ. ತಾಯಿ ಬರುವ ಮೊದಲೇ ಚಿತ್ರ ಮುಗಿಸಬೇಕೆಂದು ಅವಸರ ಅವಸರವಾಗಿ ಬರೆಯುವ ಅಭ್ಯಾಸ ಬೆಳೆಯಿತೆಂದು ಕುಸಾಮಾ ಮುಂದೆ ಹೇಳಿಕೊಂಡಿದ್ದಾರೆ.

ಹುಡುಗಿಗೆ ಇನ್ನೊಂದು ಕಷ್ಟವೂ ಇತ್ತು. ಹತ್ತರ ವಯಸ್ಸಿನ ಆಸುಪಾಸಿನಲ್ಲಿ ಇಲ್ಲದ್ದು ಕಣ್ಣಿಗೆ ಕಾಣತೊಡಗಿತು. ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಕೆಂಪು ಹೂಗಳು ಕಿಟಕಿಗೆ, ಸೂರಿಗೆ, ತನ್ನ ಮೈಮೇಲೆಲ್ಲ ಹಬ್ಬಿದಂತೆ ಭಾಸವಾಯಿತು. ತಾನೇ ಅದರಲ್ಲಿ ಕರಗಿಹೋಗುವೆನೆಂಬ ಭಯ. ಕಂಡದ್ದನ್ನು ಹಾಳೆಯ ಮೇಲೆ ಇಳಿಸಿದಾಗ ಭಯ ಕಡಮೆಯಾಗುತ್ತಿತ್ತು. ಚುಕ್ಕಿಗಳು ಆಕೆಯ ಪಾಲಿಗೆ ಅಲಂಕಾರವಾಗಿ ಬಂದವಲ್ಲ, ಔಷಧಿಯಾಗಿ ಬಂದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಾಲೆಯ ಮಕ್ಕಳನ್ನೂ ಕಾರ್ಖಾನೆ ಕೆಲಸಕ್ಕೆ ಹಚ್ಚಿದ್ದರು. ಕುಸಾಮಾ ಪ್ಯಾರಾಚೂಟ್ ಹೊಲಿಯುವ ಕೆಲಸ ಮಾಡಿದರು. ಅಲ್ಲಿ ಕಲಿತ ಹೊಲಿಗೆ ಮುಂದೆ ಕಲೆಗೂ ಬಂತು, ಹೊಟ್ಟೆಪಾಡಿಗೂ ಬಂತು. ಯುದ್ಧ ಮುಗಿದ ಮೇಲೆ ಕ್ಯೋಟೊ ನಗರದಲ್ಲಿ ಸಾಂಪ್ರದಾಯಿಕ ಜಪಾನೀ ಚಿತ್ರಕಲೆ ಕಲಿತರು. ಆ ಕಟ್ಟುಪಾಡು ಒಗ್ಗಲಿಲ್ಲ. 1955ರಲ್ಲಿ ಅಮೆರಿಕದ ಪ್ರಸಿದ್ಧ ಕಲಾವಿದೆ ಜಾರ್ಜಿಯಾ ಓಕೀಫ್ ಅವರಿಗೆ, ಪರಿಚಯವೇ ಇಲ್ಲದಿದ್ದರೂ, ಒಂದು ಕಾಗದ ಬರೆದರು. ಉತ್ತರ ಬಂತು. ಆ ಧೈರ್ಯದಿಂದ 1957ರಲ್ಲಿ ಅಮೆರಿಕಕ್ಕೆ ಹೊರಟರು. ಮರುವರ್ಷ ನ್ಯೂಯಾರ್ಕ್ ಸೇರಿದರು.

ಬಲೆ ಮತ್ತು ಕನ್ನಡಿ

ನ್ಯೂಯಾರ್ಕಿನಲ್ಲಿ ಹಸಿವು, ಚಳಿ ಎರಡನ್ನೂ ಉಂಡರು. ಅಲ್ಲಿ ಅವರು ಬರೆದ ಚಿತ್ರಮಾಲೆಯ ಹೆಸರು ‘ಇನ್ಫಿನಿಟಿ ನೆಟ್ಸ್’, ಎಂದರೆ ಅನಂತದ ಬಲೆಗಳು. ದೂರದಿಂದ ನೋಡಿದರೆ ಮೈತುಂಬ ಚುಕ್ಕಿ. ಆದರೆ ಕುಂಚ ಅಲ್ಲಿ ಚುಕ್ಕಿ ಇಟ್ಟಿಲ್ಲ. ಸಣ್ಣ ಸಣ್ಣ ಬಾಗಿದ ಗೆರೆಗಳನ್ನು ಒಂದಕ್ಕೊಂದು ಹೆಣೆದು ಬಲೆ ಮಾಡಿದೆ. ಬಲೆಯ ಕಣ್ಣುಗಳಲ್ಲಿ ಉಳಿದ ಹಿನ್ನೆಲೆಯೇ ಚುಕ್ಕಿಯಾಗಿ ಕಾಣುತ್ತದೆ. ಈ ಚಿತ್ರಗಳಿಗೆ ನಡುವೆಂಬುದಿಲ್ಲ, ಮೊದಲು ಕೊನೆಯೂ ಇಲ್ಲ. 1961ರಲ್ಲಿ ಪ್ರದರ್ಶಿಸಿದ ಒಂದು ಬಲೆಯ ಉದ್ದ ಸುಮಾರು 10 ಮೀಟರ್.

1965ರಲ್ಲಿ ಅವರು ಮೊದಲ ಕನ್ನಡಿ ಕೋಣೆ ಮಾಡಿದರು. ಭೌತಶಾಸ್ತ್ರ ಓದುವ ಮಕ್ಕಳಿಗೆ ಇದರ ತತ್ತ್ವ ಹೊಸದಲ್ಲ. ಎರಡು ಕನ್ನಡಿಗಳನ್ನು ಸಮಾಂತರವಾಗಿ ಎದುರುಬದುರು ನಿಲ್ಲಿಸಿದರೆ ಒಂದರ ಬಿಂಬವೇ ಇನ್ನೊಂದಕ್ಕೆ ವಸ್ತುವಾಗುತ್ತದೆ. ಲೆಕ್ಕದ ಪ್ರಕಾರ ಬಿಂಬಗಳಿಗೆ ಕೊನೆಯಿಲ್ಲ. ವಾಸ್ತವದಲ್ಲಿ ಕನ್ನಡಿ ಪ್ರತಿ ಸಲವೂ ಸ್ವಲ್ಪ ಬೆಳಕನ್ನು ನುಂಗುತ್ತದೆ. ನೂರಕ್ಕೆ 90 ಭಾಗ ಮರಳಿಸುವ ಕನ್ನಡಿಯಾದರೆ, ಹತ್ತು ಸಲ ಪ್ರತಿಫಲಿಸುವಷ್ಟರಲ್ಲಿ ಉಳಿಯುವುದು ಸುಮಾರು 35 ಭಾಗ. ಆದ್ದರಿಂದಲೇ ದೂರದ ಬಿಂಬಗಳು ಮಬ್ಬಾಗುತ್ತ ಕತ್ತಲೆಯಲ್ಲಿ ಕರಗುತ್ತವೆ. ಆ ಕೋಣೆಯಲ್ಲಿ ನಿಂತವರಿಗೆ ತಾವೂ ಒಂದು ಚುಕ್ಕಿಯಾಗಿ ಕರಗಿದ ಅನುಭವ. ಬಾಲ್ಯದಲ್ಲಿ ಹೆದರಿಸಿದ್ದನ್ನೇ ಕಲಾವಿದೆ ಹೀಗೆ ಎಲ್ಲರೂ ನೋಡಿ ಬೆರಗಾಗುವಂತೆ ಮಾಡಿದರು.

ಕೊಂಡವರು ಯಾರು?

ಕಲಾಕೃತಿಗಳನ್ನು ಸಂಗ್ರಹಿಸುವವರೆಂದರೆ ಕೋಟ್ಯಧೀಶರೇ ಎಂಬ ನಂಬಿಕೆಯಿದೆ. ಕುಸಾಮಾ ಅವರ ಮೊದಲ ಸಂಗ್ರಾಹಕರು ಹಾಗಿರಲಿಲ್ಲ. ಆಗಿನ್ನೂ ಹೆಸರು ಮಾಡುತ್ತಿದ್ದ ಕಲಾವಿದ ಫ್ರಾಂಕ್ ಸ್ಟೆಲ್ಲಾ ಒಂದು ಹಳದಿ ಬಲೆಯನ್ನು 75 ಡಾಲರಿಗೆ ಕೊಂಡರು. ಅದೇ ಚಿತ್ರ 2002ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಸೇರಿತು. ವಿಮರ್ಶೆ ಬರೆಯುತ್ತಿದ್ದ ಡೊನಾಲ್ಡ್ ಜಡ್ ಮೆಚ್ಚಿ ಬರೆದುದಲ್ಲದೆ ತಾವೂ ಒಂದನ್ನು ಕೊಂಡರು.

ಇನ್ನೊಬ್ಬ ಸಂಗ್ರಾಹಕರು ನ್ಯೂಯಾರ್ಕಿನಲ್ಲಿದ್ದ ಜಪಾನೀ ವೈದ್ಯರು. ಚಿಕಿತ್ಸೆಗೆ ಕೊಡಲು ಕುಸಾಮಾ ಅವರ ಬಳಿ ದುಡ್ಡಿರಲಿಲ್ಲ. ವೈದ್ಯರು ಕೇಳಲೂ ಇಲ್ಲ. ಋಣ ತೀರಿಸಲು ಕಲಾವಿದೆ ತಮ್ಮ ಚಿತ್ರಗಳನ್ನೇ ಕೊಟ್ಟರು. ವೈದ್ಯರು ಅವನ್ನು ದಶಕಗಳ ಕಾಲ ಜೋಪಾನ ಮಾಡಿದರು. ಅವರ ಕಾಲಾನಂತರ, 2021ರಲ್ಲಿ, ಆ ಸಂಗ್ರಹದ 11 ಕೃತಿಗಳು ಬೊನಾಮ್ಸ್ ಸಂಸ್ಥೆಯ ಹರಾಜಿನಲ್ಲಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚಿಗೆ ಹೋದವು. 2022ರಲ್ಲಿ ಫಿಲಿಪ್ಸ್ ಸಂಸ್ಥೆಯ ಹರಾಜಿನಲ್ಲಿ 1959ರ ಒಂದೇ ಒಂದು ಬಲೆಗೆ ಒಂದು ಕೋಟಿ ಐದು ಲಕ್ಷ ಡಾಲರ್ ಸಿಕ್ಕಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಇಂಥ ಹರಾಜಿನ ಹಣ ಸೇರುವುದು ಮಾರುವವರಿಗೆ, ಚಿತ್ರ ಬರೆದವರಿಗಲ್ಲ. 1959ರಿಂದ 2022ರವರೆಗೆ ಆ ಕ್ಯಾನ್ವಾಸಿನ ಮೇಲೆ ಒಂದು ಗೆರೆಯೂ ಹೆಚ್ಚಾಗಿರಲಿಲ್ಲ. ಬದಲಾದದ್ದು ನೋಡುವವರ ಕಣ್ಣು. ಥರ್ಮಾಮೀಟರು ಉಷ್ಣತೆಯನ್ನು ಅಳೆಯುವಂತೆ ಬೆಲೆ ಕೂಡ ಜನರ ಆಸೆಯನ್ನು ಅಳೆಯುತ್ತದೆ. ಚಿತ್ರದ ಯೋಗ್ಯತೆಯನ್ನು ಅಳೆಯುವ ಉಪಕರಣ ಅದಲ್ಲ.

ಕ್ಯಾನ್ವಾಸಿನಿಂದ ಕೈಚೀಲಕ್ಕೆ

ಕುಸಾಮಾ ಅವರಿಗೆ ಉಡುಪಿನ ನಂಟು ಲೂಯಿ ವಿಟಾನ್ ಬಂದಮೇಲೆ ಹುಟ್ಟಿದ್ದಲ್ಲ. 1960ರ ದಶಕದ ಕೊನೆಯಲ್ಲೇ ನ್ಯೂಯಾರ್ಕಿನಲ್ಲಿ ತಮ್ಮದೇ ಉಡುಪಿನ ಕಂಪೆನಿ ತೆರೆದಿದ್ದರು. ಅದಕ್ಕೂ ಮೊದಲು, 1966ರ ವೆನಿಸ್ ಕಲಾಮೇಳದಲ್ಲಿ, 1,500 ಹೊಳೆಯುವ ಗೋಲಗಳನ್ನು ಹುಲ್ಲಿನ ಮೇಲೆ ಹರಡಿ ಒಂದೊಂದನ್ನು ಎರಡು ಡಾಲರಿಗೆ ಮಾರಲು ನಿಂತಿದ್ದರು. ಕಲೆಯನ್ನು ಹೀಗೆ ಚಿಲ್ಲರೆ ಮಾರುವಂತಿಲ್ಲವೆಂದು ಮೇಳದವರು ತಡೆದರು. ಅಲ್ಲಿಗೆ ಆಹ್ವಾನವಿಲ್ಲದೆ ಹೋಗಿದ್ದ ಅವರೇ 1993ರಲ್ಲಿ ಅದೇ ಮೇಳದಲ್ಲಿ ಜಪಾನ್ ದೇಶದ ಪ್ರತಿನಿಧಿಯಾದರು.

2006ರಲ್ಲಿ ಲೂಯಿ ವಿಟಾನಿನ ವಸ್ತ್ರವಿನ್ಯಾಸಕ ಮಾರ್ಕ್ ಜೇಕಬ್ಸ್ ಟೋಕಿಯೋದಲ್ಲಿ ಕುಸಾಮಾ ಅವರನ್ನು ಕಂಡರು. 2012ರಲ್ಲಿ ಇಬ್ಬರ ಸಹಯೋಗದ ಚೀಲ, ಉಡುಪುಗಳು ಮಾರುಕಟ್ಟೆಗೆ ಬಂದವು. ಅದೇ ವರ್ಷ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನವೂ ನಡೆಯಿತು.

ವಸ್ತ್ರವಿನ್ಯಾಸಕರಿಗೆ ಈ ಚುಕ್ಕಿಗಳೇ ಏಕೆ ಬೇಕಾದವು? ದರ್ಜಿಯ ಕತ್ತರಿಯನ್ನು ನೆನೆದರೆ ತಿಳಿಯುತ್ತದೆ. ಒಂದು ಮುಖಚಿತ್ರವನ್ನು ಬಟ್ಟೆಗೆ ಮುದ್ರಿಸಿದರೆ ಎಲ್ಲಿ ಬೇಕಾದಲ್ಲಿ ಕತ್ತರಿಸುವಂತಿಲ್ಲ, ಮೂಗು ಒಂದು ಕಡೆ ಕಿವಿ ಒಂದು ಕಡೆಯಾದೀತು. ನಡುವೇ ಇಲ್ಲದ ಚುಕ್ಕಿಯ ಚಿತ್ರವನ್ನು ತೋಳಿಗೆ ಕತ್ತರಿಸಿದರೂ, ಚೀಲಕ್ಕೆ ಕತ್ತರಿಸಿದರೂ ಅದು ಪೂರ್ಣವಾಗಿಯೇ ಉಳಿಯುತ್ತದೆ. ಹೊಲಿಗೆ ದಾಟಿ ಹಬ್ಬುವುದೇ ಅದರ ಸ್ವಭಾವ.

ಹಾಗೆಂದು ಚೀಲವೂ ಚಿತ್ರವೂ ಒಂದೇ ಅಲ್ಲ. ಚೀಲದ ಮೇಲೆ ಚುಕ್ಕಿಗಳನ್ನು ಕಂಪೆನಿಯ ಕಾರ್ಖಾನೆ ಮುದ್ರಿಸುತ್ತದೆ. ಬಲೆಯ ಒಂದೊಂದು ಗೆರೆಯನ್ನು ಹಸಿದ ಹೆಣ್ಣುಮಗಳೊಬ್ಬಳು ನಿದ್ದೆಗೆಟ್ಟು ಎಳೆದಿದ್ದಳು. ಮೊದಲನೆಯದಕ್ಕೆ ಹೆಸರು ಬಂದದ್ದು ಎರಡನೆಯದರಿಂದ.

1973ರಲ್ಲಿ ಆರೋಗ್ಯ ಕೆಟ್ಟು ಕುಸಾಮಾ ಜಪಾನಿಗೆ ಮರಳಿದರು. 1977ರಿಂದ ಟೋಕಿಯೋದ ಮಾನಸಿಕ ಚಿಕಿತ್ಸಾಲಯದಲ್ಲಿ ಸ್ವಇಚ್ಛೆಯಿಂದ ನೆಲೆಸಿ, ಹತ್ತಿರದ ಚಿತ್ರಶಾಲೆಗೆ ಹೋಗಿ ದುಡಿಯುವುದನ್ನು ದಿನಚರಿ ಮಾಡಿಕೊಂಡರು. ಕಾಯಿಲೆಯೇ ಅವರನ್ನು ಕಲಾವಿದೆ ಮಾಡಿತೆಂದು ಹೇಳುವವರು ಈ ದಿನಚರಿಯನ್ನು ಮರೆಯುತ್ತಾರೆ. ಅವರು ವೈದ್ಯರನ್ನೂ ಬಿಡಲಿಲ್ಲ, ಕುಂಚವನ್ನೂ ಬಿಡಲಿಲ್ಲ. ಮಗು ಏನೋ ಕಂಡೆನೆಂದು ಹೆದರಿ ಹೇಳಿದಾಗ ಗದರಿಸದೆ ಕೇಳುವುದು, ಅಗತ್ಯವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯುವುದು ಹೆತ್ತವರ ಕೆಲಸ. ಆ ಹುಡುಗಿಯ ಮನೆಯಲ್ಲಿ ಅದು ಆಗಲಿಲ್ಲ.

ಆ ಮನೆಯಲ್ಲಿ ಹರಿದುಹೋದ ಹಾಳೆಗಳು ಎಷ್ಟೋ. ಆದರೆ 1939ರ ಒಂದು ಪೆನ್ಸಿಲ್ ಚಿತ್ರ ಉಳಿದುಕೊಂಡಿದೆ. ಹತ್ತು ವರ್ಷದ ಹುಡುಗಿ ಬರೆದದ್ದು. ಕಿಮೋನೊ ಉಟ್ಟ ಹೆಂಗಸು, ಆಕೆಯ ಮುಖದ ಮೇಲೆ, ಉಡುಪಿನ ಮೇಲೆ, ಸುತ್ತಮುತ್ತ ಎಲ್ಲೆಲ್ಲೂ ಚುಕ್ಕಿ. ಆ ಹೆಂಗಸು ಹುಡುಗಿಯ ತಾಯಿಯೇ ಎಂದು ಬಲ್ಲವರು ಹೇಳುತ್ತಾರೆ.